ಅಕ್ಕ ದಿನಾ ಕ್ಲಾಸಿಗೆ ಬರುತ್ತಿದ್ದಾಳೆ

ಆಗಸ್ಟ್ 11, ಸೋಮವಾರ

ಮೊದಲಿಗೆ ಸಾರಿ. ಯಾರಿಗೆ ಅಂತ ಗೊತ್ತಿಲ್ಲ, ಈ ಪುಸ್ತಕಕ್ಕೇ ಇರಬೇಕು. ಡೈರಿ ಬರೆಯುವಷ್ಟು ಏನೂ ನನ್ನ ಲೈಫಿನಲ್ಲಿ ಆಗಿಲ್ಲ. ಬರೆಯುವ ಭಾಷೆಯೂ ಅಷ್ಟಕ್ಕಷ್ಟೆ. ಐದನೇ ಕ್ಲಾಸಿನಿಂದ ಸ್ಕೂಲ್ ಹಾಸ್ಟೆಲಿನಲ್ಲಿ ಬೆಳೆದವಳು, ಅಲ್ಲಿ ಮನೆಮಾತು ಆಡಿದರೆ ಫೈನು, ಇಂಗ್ಲಿಷು ತಪ್ಪಾಗಿ ಆಡಿದರೆ ನಗು. ಹೀಗಾಗಿ ಎರಡೂ ಅರ್ಧಂಬರ್ಧ ಬೆಂದಿವೆ. ಆದರೆ ಅಲ್ಲಿ ಟೆನ್ಷನ್ ಆದಾಗ ಪಕ್ಕದ ಮಂಚದವಳಿಗೆ ಪಿಸುಗುಟ್ಟಿದರೆ ಸಾಕಿತ್ತು. ಇಲ್ಲಿ ಪಕ್ಕದ ಮಂಚದವಳ ಪರಿಚಯ ಇನ್ನೂ "ಹಾಯ್"ನಲ್ಲೇ ನಿಂತಿದೆ. ಅದಕ್ಕೇ ನಿನಗೆ ತೊಂದರೆ ಕೊಡ್ತಿದ್ದೀನಿ.

ಇವತ್ತು ಕಾಲೇಜಿನ ಮೊದಲ ದಿನ. ಇಲ್ಲಿ ಯಾರೂ ಹೆಸರು ಕೂಗಿ ಹಾಜರಿ ತಗೊಳಲ್ಲ. ಕಾಲೇಜಿನದೇ ಒಂದು ಆ್ಯಪ್ ಇದೆ, ಫೋನಿನಲ್ಲಿ ಹಾಕ್ಕೋಬೇಕು, ಕ್ಲಾಸಿನೊಳಗೆ ಕೂತು ಒಂದು ಬಟನ್ ಒತ್ತಬೇಕು, ಹಸಿರು ಟಿಕ್ ಬಂದರೆ ಹಾಜರು. ಪಾಸ್‌ವರ್ಡ್ ಇಲ್ಲ. "ನಿಮ್ಮ ಫೋನೇ ನಿಮ್ಮ ಗುರುತು" ಅಂತ ಗೋಡೆ ಮೇಲೆ ಪೋಸ್ಟರ್ ಅಂಟಿಸಿದ್ದಾರೆ. ಎಲ್ಲರೂ ಫೋಟೋ ತೆಗಿ, ನಂಬರ್ ಹಾಕು, ಮತ್ತೆ ತೆಗಿ ಅಂತ ಒದ್ದಾಡುತ್ತಿದ್ದರು. ನನ್ನದು ಮಾತ್ರ ತೆರೆದ ತಕ್ಷಣ "ಮರಳಿ ಸ್ವಾಗತ" ಅಂತು, ಕೆಳಗೆ ರೈಲಿನ ಹಾಗೆ ಉದ್ದ ನಂಬರು, ಪಕ್ಕದಲ್ಲಿ ಹಸಿರು ಟಿಕ್. ಏನೂ ಕೇಳಲಿಲ್ಲ. ಅಡ್ಮಿಷನ್ ದಿನವೇ ಆಫೀಸಿನವರು ಎಲ್ಲ ಮಾಡಿರಬೇಕು ಅಂದ್ಕೊಂಡೆ. ಕೇಳೋಣ ಅನ್ನಿಸಿತು, ಮುಂದಿನ ಬೆಂಚಿನವರು ತಿರುಗಿ ನೋಡ್ತಾರಲ್ಲ ಅಂತ ಸುಮ್ಮನಾದೆ. ಹಾಸ್ಟೆಲ್ ರೂಲ್ ನಂಬರ್ ಒನ್: ಹಾಜರಿ ಬಿದ್ದ ಮೇಲೆ ಪ್ರಶ್ನೆ ಕೇಳಬಾರದು.

ಫೋನು ನನ್ನದಲ್ಲ, ಅಕ್ಕನದು. ಅಂದರೆ ಈಗ ನನ್ನದೇ. ಅವಳು ಇದೇ ಕಾಲೇಜಿನಲ್ಲಿ ಓದುತ್ತಿದ್ದು ಹೋದ ವರ್ಷ ಬಿಟ್ಟು ಹೋದಳು. ಹೋಗುವ ಮುಂಚೆ ಫೋನಿನಲ್ಲಿದ್ದದ್ದನ್ನೆಲ್ಲ ಅಳಿಸಿ, ಒರೆಸಿ, ಡಬ್ಬದಲ್ಲಿಟ್ಟು ಮೇಲೆ "ಬಾಲಕ್ಕೆ" ಅಂತ ಚೀಟಿ ಅಂಟಿಸಿದ್ದಳು. ಬಾಲ ಅಂದರೆ ನಾನು. ರಜೆಗೆ ಬಂದಾಗಲೆಲ್ಲ ಅವಳ ಹಿಂದೆಯೇ ಸುತ್ತುತ್ತಿದ್ದೆನಂತೆ.

ಅವಳ ವಿಷಯ ನಮ್ಮ ಮನೆಯಲ್ಲಿ ಎತ್ತೋದಿಲ್ಲ. ಇಲ್ಲೂ ಎತ್ತೋದು ಬೇಡ.

ಆಗಸ್ಟ್ 14, ಗುರುವಾರ

ರೂಮಿನವಳಿಗೆ ಡಬ್ಬಿ ಅಂತ ಹೆಸರಿಟ್ಟಿದ್ದಾರೆ. ಸೇಫ್ಟಿಪಿನ್‌ಗೊಂದು ಡಬ್ಬಿ, ಇಯರ್‌ಫೋನ್‌ಗೊಂದು ಡಬ್ಬಿ, ಖಾಲಿ ಡಬ್ಬಿಗಳನ್ನಿಡೋಕೆ ಇನ್ನೊಂದು ಡಬ್ಬಿ. ಒಳ್ಳೆಯವಳು, ಬಾಯಿ ಮಾತ್ರ ಚೂಪು. ಲೈಟ್ ಹಾಕಲಾ ಅಂತ ಕೇಳಿದೆ. "ಇದು ನಿನ್ನ ರೂಮೂ ಹೌದು ಮಾರಾಯ್ತಿ, ಉಸಿರಾಡೋಕೂ ಪರ್ಮಿಷನ್ ಕೇಳ್ತೀಯಾ?" ಅಂದಳು. ಸಾರಿ ಅಂದೆ. ಅದಕ್ಕೂ ಬೈದಳು.

ಆಗಸ್ಟ್ 26, ಮಂಗಳವಾರ

ಕಂಪ್ಯೂಟರ್ ಲ್ಯಾಬ್ ನನಗೆ ಸಿಕ್ಕಾಪಟ್ಟೆ ಇಷ್ಟವಾಯಿತು. ಕಾರಣ ಹಿಂದಿನ ಸಾಲು, ಮತ್ತು ಎದುರಿಗೆ ಮಾನಿಟರ್ ಇರೋದರಿಂದ ಮುಖ ಕಾಣಲ್ಲ.

ಇವತ್ತು ಕೂತ ಕಂಪ್ಯೂಟರಿನಲ್ಲಿ ಯಾರದೋ ಮೇಲ್ ತೆರೆದೇ ಇತ್ತು. ಮೊದಲ ಸಾಲಿನಲ್ಲಿ ಯಾವುದೋ ಡಾಕ್ಟರ ಅಪಾಯಿಂಟ್‌ಮೆಂಟು. ಓದಬಾರದು ಅಂತ ಅಂದುಕೊಳ್ಳುವಷ್ಟರಲ್ಲಿ ಓದಿಯಾಗಿತ್ತು. ಕಣ್ಣಿಗೆ ಬ್ರೇಕ್ ಇಲ್ಲ. ಲಾಗೌಟ್ ಒತ್ತಿದೆ. ಲ್ಯಾಬ್ ಸರ್ ಹಿಂದೆಯೇ ನಿಂತಿದ್ದರು, ಹೆದರಿಬಿಟ್ಟೆ.

"ಮಾಡಿದ್ದು ಸರಿ. ದಿನಾ ಹೀಗೇ. ಕಂಪ್ಯೂಟರ್ ಅಂದ್ರೆ ಬಸ್ ಸೀಟಮ್ಮ, ಎದ್ದು ಹೋದವರ ಬಿಸಿ ಹಾಗೇ ಇರುತ್ತೆ. ಫೋನು ಹಲ್ಲುಜ್ಜೋ ಬ್ರಶ್ಶು. ಅದನ್ನ ಯಾರೂ ಬಿಟ್ಟು ಹೋಗಲ್ಲ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ನಮ್ಮ ಮನೆಯ ಹಾಲ್‌ನಲ್ಲಿರೋ ಕಂಪ್ಯೂಟರ್ ಕಣ್ಮುಂದೆ ಬಂತು.

ಆ ಮಾತು ಎತ್ತಲ್ಲ ಅಂದಿದ್ದೆ. ಪುಸ್ತಕದ ಹತ್ತಿರ ಎತ್ತಿದರೆ ಯಾರಿಗೇನು.

ಅದು ನಾಲ್ಕೂ ಜನದ ಕಂಪ್ಯೂಟರ್. ಅಪ್ಪನ ಪಂಪ್‌ಸೆಟ್ ಅಂಗಡಿಯ ಕೊಟೇಷನ್ನು, ಅಮ್ಮನ ಹೊಲಿಗೆ ಡಿಸೈನು, ಅಕ್ಕನ ಅಸೈನ್‌ಮೆಂಟು, ರಜೆಗೆ ಬಂದಾಗ ನನ್ನ ಕಾರ್ಟೂನು. ಪಾಸ್‌ವರ್ಡ್ ಒಂದೇ: ನಾವು ಸಾಕಿದ್ದ ಆಮೆಯ ಹೆಸರು, ಅದರ ಮುಂದೆ ಮನೆ ನಂಬರು. ಕಂಪ್ಯೂಟರಿಗೂ ಅದೇ, ಅಕ್ಕನ ಮೇಲ್‌ಗೂ ಅದೇ, ಅವಳ ಕಾಲೇಜು ಪೋರ್ಟಲ್‌ಗೂ ಅದೇ. ಪ್ರತಿ ಸಲ ರಿಸಲ್ಟ್ ಬಂದಾಗ ಎಲ್ಲರ ಮುಂದೆಯೇ ಟೈಪ್ ಮಾಡ್ತಿದ್ದಳು. ಮನೆಯವರಲ್ಲಿ ಏನು ಮುಚ್ಚುಮರೆ ಅಂತ.

ಹೋದ ವರ್ಷ ನಾನು ರಜೆಗೆ ಬಂದಿದ್ದಾಗ ಒಂದು ದಿನ ಅಪ್ಪ ಬಿಲ್ ಪ್ರಿಂಟ್ ತೆಗೆಯೋಕೆ ಕೂತಾಗ ಅಕ್ಕನ ಮೇಲ್ ತೆರೆದಿತ್ತು. ಕೃತಕ ಕಾಲು ಮಾಡುವ ವರ್ಕ್‌ಶಾಪ್ ಒಂದಕ್ಕೆ ಅವಳು ಕೆಲಸ ಕಲಿಯಲು ಅರ್ಜಿ ಹಾಕಿದ್ದಳು, ಕಾಲೇಜು ಬಿಟ್ಟು ಬರ್ತೀನಿ ಅಂತ. ಅಪ್ಪ ಅದನ್ನು ಊಟದ ಹೊತ್ತಿಗೆ ಜೋರಾಗಿ ಓದಿದರು. ಪೂರ್ತಿ. "ನನಗೆ ಚಿಕ್ಕಂದಿನಿಂದ ಕೈಕೆಲಸದಲ್ಲಿ ಆಸಕ್ತಿ" ಅನ್ನೋ ಸಾಲನ್ನು ಎರಡು ಸಲ, ಎರಡನೇ ಸಲ ಬೇರೆ ದನಿಯಲ್ಲಿ. ಅಕ್ಕ ಊಟ ಮುಗಿಸಿದಳು, ತಟ್ಟೆ ತೊಳೆದಿಟ್ಟಳು. ವಾರ ಕಳೆಯುವಷ್ಟರಲ್ಲಿ ಹೊರಟುಹೋದಳು.

ಕಾಲೇಜು ಬಿಡ್ತೀನಿ ಅನ್ನೋದಕ್ಕಿಂತ ಆ ಎರಡನೇ ಸಲದ ದನಿಗೇ ಹೋದಳು ಅಂತ ನನ್ನ ಅನುಮಾನ.

ಸೆಪ್ಟೆಂಬರ್ 22, ಸೋಮವಾರ

ಹಾಜರಿ ಪಟ್ಟಿ ಹಾಕಿದ್ದಾರೆ. ನನ್ನ ಹೆಸರಿನ ಮುಂದೆ ಸೊನ್ನೆ.

ಕಡಿಮೆ ಅಲ್ಲ, ಸೊನ್ನೆ. ಜ್ವರ ಬಂದಿದ್ದಾಗಲೂ ಕ್ಲಾಸಿಗೆ ಹೋಗಿದ್ದೀನಿ. ಡಬ್ಬಿ ಬೆರಳಿಟ್ಟು ಮೇಲಿಂದ ಕೆಳಗೆ ನೋಡಿ, "ಏಯ್, ಇಲ್ನೋಡು, ರಿಪೀಟರ್ಸ್ ಲಿಸ್ಟಲ್ಲಿ ನಿಮ್ಮ ಮನೆತನದ ಹೆಸರಿನವಳೇ ಒಬ್ಬಳಿದ್ದಾಳೆ. ಒಂದು ಕ್ಲಾಸೂ ತಪ್ಪಿಸಿಲ್ಲ ಪುಣ್ಯಾತ್ಗಿತ್ತಿ" ಅಂದಳು.

ನೋಡಿದೆ. ಅಕ್ಕ.

ಕಾಲೇಜು ಬಿಟ್ಟು ಹೋದ ನಮ್ಮಕ್ಕ, ಇಡೀ ಕ್ಲಾಸಿನಲ್ಲೇ ಅತಿ ಶಿಸ್ತಿನ ವಿದ್ಯಾರ್ಥಿನಿ.

ಆಫೀಸಿಗೆ ಹೋದೆ. ಕಿಟಕಿಯ ಮುಂದೆ ಮೂರು ಸಲ ಓಡಾಡಿ, ನಾಲ್ಕನೇ ಸಲ ನಿಂತೆ. ಮೇಡಮ್ ಫೋನು ಇಸಕೊಂಡು ನಂಬರ್ ನೋಡಿದರು.

"ಈ ಫೋನ್ ನಿಂದಲ್ಲಮ್ಮ."

"ನಂದೇ ಮೇಡಮ್. ಅಕ್ಕಂದು, ಆದ್ರೆ ಈಗ ನಂದೇ."

"ಸಿಸ್ಟಮ್ ಪ್ರಕಾರ ಅವರದ್ದು. ಅವರ ಹೆಸರು ಇನ್ನೂ ರಜಿಸ್ಟರಿಂದ ತೆಗೆದಿಲ್ಲ, ದೀರ್ಘ ರಜೆ ಅಂತಿದೆ. ಈಗ ವಾಪಸ್ ಬಂದಿದ್ದಾರೆ ಅಂತ ತಿಳ್ಕೊಂಡಿದೆ. ನೀನೇ ಬಂದಿಲ್ಲ."

"ನಾನು ಇಲ್ಲೇ ನಿಂತಿದ್ದೀನಲ್ಲ ಮೇಡಮ್."

"ಅದು ನನಗೆ ಕಾಣುತ್ತೆ. ಅದಕ್ಕೆ ಕಾಣಬೇಕಲ್ಲ."

ಅವರು ಕೆಟ್ಟವರೇನಲ್ಲ, ಕುರ್ಚಿ ಕೊಟ್ಟು ಕೂರಿಸಿ ಹೇಳಿದರು. ಕೈಯಿಂದ ತಿದ್ದುವ ಅಧಿಕಾರ ಅವರಿಗಿಲ್ಲ. ಅಕ್ಕನೇ ತನ್ನ ಲಾಗಿನ್‌ನಿಂದ ಕಾಲೇಜು ಪೋರ್ಟಲ್‌ಗೆ ಹೋಗಿ, ಈ ಫೋನನ್ನು ಇಂಥ ದಿನದಿಂದ ತಂಗಿಗೆ ಬಿಟ್ಟುಕೊಟ್ಟಿದ್ದೀನಿ ಅಂತ ಒಪ್ಪಿಗೆ ಒತ್ತಬೇಕು. ಒತ್ತಿದರೆ ಆವತ್ತಿನಿಂದ ಬಿದ್ದ ಹಾಜರಿಯೆಲ್ಲ ನನ್ನ ಹೆಸರಿಗೆ ಬರುತ್ತೆ. ಅಕ್ಟೋಬರ್ ಹತ್ತರೊಳಗೆ ಆಗಬೇಕು. ಆಗದಿದ್ದರೆ ಹಾಜರಿ ಕೊರತೆ, ಪರೀಕ್ಷೆಗೆ ಕೂರಿಸಲ್ಲ, ವರ್ಷ ಹೋಯಿತು.

"ಅಕ್ಕ ತಾನೇ? ಒಂದು ಫೋನ್ ಹಾಕಿದ್ರೆ ಮುಗೀತು" ಅಂದರು.

ಥ್ಯಾಂಕ್ಯೂ ಮೇಡಮ್ ಅಂದೆ. ಸಾರಿ ಮೇಡಮ್ ಅಂತಲೂ ಅಂದೆ. ಅಕ್ಕನ ಜೊತೆ ಮಾತಾಡಿ ವರ್ಷದ ಮೇಲಾಯಿತು ಅಂತ ಅನ್ನಲಿಲ್ಲ.

ಸೆಪ್ಟೆಂಬರ್ 23, ಮಂಗಳವಾರ

ಮಧ್ಯಾಹ್ನದ ಊಟ ಬಿಟ್ಟು ಲ್ಯಾಬಿಗೆ ಹೋದೆ.

ಲ್ಯಾಬ್ ಸರ್‌ನ ಕೇಳಿದೆ, ಎಲ್ಲ ಅಳಿಸಿ ಕೊಟ್ಟಿದ್ದ ಫೋನಿಗೆ ಅಕ್ಕ ಹೇಗೆ ನೆನಪಿದ್ದಾಳೆ ಅಂತ. ಫೋನಿಗೆ ನೆನಪಿಲ್ಲ, ಕಾಲೇಜಿಗೆ ನೆನಪಿದೆ ಅಂದರು. ಫೋನಿನ ಒಳಗಿನ ಚಿಪ್‌ನಲ್ಲಿ ಒಂದು ನಂಬರು ಹುಟ್ಟುಮಚ್ಚೆ ಹಾಗೆ ಇರುತ್ತಂತೆ. ಸ್ನಾನ ಮಾಡಿಸಿದರೆ ಮಣ್ಣು ಹೋಗುತ್ತೆ, ಮಚ್ಚೆ ಹೋಗಲ್ಲ. ನಮ್ಮ ಆ್ಯಪ್ ಆ ಮಚ್ಚೆ ನೋಡಿ ಇವಳೇ ಅವಳು ಅಂದುಬಿಟ್ಟಿದೆ.

"ಕಂಪ್ಯೂಟರ್‌ಗೆ ಇರಲ್ವಾ ಸರ್?"

"ಇರುತ್ತೆ, ಯಾರೂ ಕೇಳಲ್ಲ. ಇದಕ್ಕೆ ಬೇಕಾಗಿರೋದು ಪಾಸ್‌ವರ್ಡ್ ಒಂದೇ. ನೀನು ಹಾಕಿದ್ರೂ ಸರಿ, ನಾನು ಹಾಕಿದ್ರೂ ಸರಿ. ಬೀಗ ಹಾಕಿಲ್ಲ ಅಂದ್ರೆ ಅದೂ ಬೇಡ, ಡಿಸ್ಕ್ ಬಿಚ್ಚಿ ಇನ್ನೊಂದಕ್ಕೆ ಸಿಕ್ಕಿಸಿದ್ರೆ ಹೊಟ್ಟೆಯಲ್ಲಿದ್ದದ್ದೆಲ್ಲ ಕಕ್ಕುತ್ತೆ."

ಒಂದು ಬಾಯಿ ಬಿಡಲ್ಲ, ಇನ್ನೊಂದು ಬಾಯಿ ಮುಚ್ಚಲ್ಲ. ಎರಡರ ಮಧ್ಯೆ ನಾನು ಗೈರುಹಾಜರು.

ಸೆಪ್ಟೆಂಬರ್ 25, ಗುರುವಾರ

ಮನೆಗೆ ಹೇಳಲೇಬೇಕಾಯಿತು. ಅಮ್ಮ ಹೊಲಿಗೆ ಮಷೀನು ನಿಲ್ಲಿಸಿ ಕೇಳಿದಳು, ಆಮೇಲೆ ಫೋನು ಅಪ್ಪನ ಕೈಗೆ ಹೋಯಿತು.

"ಇಷ್ಟೇ ತಾನೆ?" ಅಂದರು ಅಪ್ಪ. "ಆ ಆಮೆ ಪಾಸ್‌ವರ್ಡೇ ಇರುತ್ತೆ. ಅವಳೆಲ್ಲಿ ಬದಲಾಯಿಸ್ತಾಳೆ. ನಿಮ್ಮ ಲ್ಯಾಬಲ್ಲಿ ಕೂತ್ಕೊಂಡು ಅವಳ ನಂಬರ್ ಹಾಕು, ಒತ್ತು, ಮುಗೀತು. ಊರಿಗೆಲ್ಲ ಯಾಕೆ ಡಂಗುರ?"

"ಅಪ್ಪ, ಅದು ಅವಳದ್ದು."

"ಅವಳದ್ದು ನಿಂದು ಅಂತ ಏನಿದೆ ಇದರಲ್ಲಿ? ಒಂದು ಬಟನ್ನು. ಒಬ್ಬಳು ಓದು ಬಿಟ್ಟಾಯ್ತು. ಇನ್ನೊಬ್ಬಳದ್ದೂ ಹೋಗ್ಲಿ ಅಂತೀಯಾ?"

ನೋಡ್ತೀನಿ ಅಂದೆ. ಅಮ್ಮ ಮತ್ತೆ ಫೋನ್ ಇಸಕೊಂಡು, ಬಾಗಿಲ ಆಚೆ ಹೋಗಿರಬೇಕು, ದನಿ ಸಣ್ಣದಾಯಿತು. "ಅವಳ ಹತ್ರ ಮಾತಾಡಿದ್ರೆ, ಹೊತ್ತು ಹೊತ್ತಿಗೆ ಉಣ್ತಾಳಾ ಕೇಳು. ನಾನು ಕೇಳಿದೆ ಅನ್ನಬೇಡ."

ಅಪ್ಪ ಹೇಳಿದ್ದು ಸರಿಯೇ ಇರಬಹುದು. ಎರಡು ನಿಮಿಷದ ಕೆಲಸ. ಡಬ್ಬಿಯೂ ಅದನ್ನೇ ಅಂದಳು. "ಹಣ್ಣು ಕೈಯಲ್ಲೇ ಇದೆ, ನೀನು ಮರ ಹತ್ತಲಾ ಬೇಡ್ವಾ ಅಂತ ಕೂತಿದ್ದೀಯ."

ಸೆಪ್ಟೆಂಬರ್ 27, ಶನಿವಾರ

ಮೆಸೇಜ್ ಹಾಕಿದೆ. "ಅಕ್ಕ, ನಾನು. ಒಂದು ಹೆಲ್ಪ್ ಬೇಕಿತ್ತು. ಅರ್ಜೆಂಟ್." ಎಷ್ಟು ಸಲ ಬರೆದು ಅಳಿಸಿದೆನೋ. "ಹೇಗಿದ್ದೀಯ" ಸೇರಿಸಿದರೆ ಬೆಣ್ಣೆ ಹಚ್ಚಿದ ಹಾಗೆ, ಬಿಟ್ಟರೆ ಬರೀ ಕೆಲಸಕ್ಕೆ ಕರೆದ ಹಾಗೆ. ಬಿಟ್ಟೆ.

ಓದಿದ ಗುರುತು ಬಿದ್ದಿದೆ. ಉತ್ತರ ಇಲ್ಲ.

ಸೆಪ್ಟೆಂಬರ್ 29, ಸೋಮವಾರ

ಉತ್ತರ ಬಂತು. ಬರದೇ ಇದ್ದಿದ್ದರೇ ಚೆನ್ನಾಗಿತ್ತು.

"ಅಪ್ಪ ಬರೆಸಿದ್ದಾ?"

ಇಲ್ಲ, ನಾನೇ ಅಂದೆ. ಫೋನಿನ ಕಥೆಯೆಲ್ಲ ಬರೆದೆ, ಹಾಜರಿ, ಹತ್ತನೇ ತಾರೀಖು, ಒಪ್ಪಿಗೆ ಎಲ್ಲ. ಸ್ವಲ್ಪ ಹೊತ್ತು ಬಿಟ್ಟು ಬಂತು:

"ಆ ಲಾಗಿನ್‌ಗೆ ಹೋದರೆ ನನ್ನ ಹೊಸ ಅಡ್ರೆಸ್ಸು ಹಾಕಬೇಕು. ಅದಕ್ಕಾಗಿ ಈ ಕಥೆನಾ? ನಾನು ರೂಮ್ ಬದಲಾಯಿಸಿದ ವಾರವೇ ಅಪ್ಪ ಓನರ್‌ಗೆ ಫೋನ್ ಮಾಡಿದ್ರು. ನನ್ನ ಟ್ರೇನಿಂಗ್ ಮುಗಿದ ವಿಷಯ ಅಮ್ಮನಿಗೆ ಮೊದಲೇ ಗೊತ್ತಿತ್ತು. ನಾನು ಹೇಳಿದ್ದು ನನ್ನ ಫ್ರೆಂಡ್‌ಗೆ ಮಾತ್ರ. ಅವಳಿಗೂ ನಿನಗೂ ಪರಿಚಯ ಇದೆ. ನೀನಲ್ದೆ ಇನ್ಯಾರು?"

ನನಗೆ ಅವಳು ರೂಮ್ ಬದಲಾಯಿಸಿದ್ದೇ ಗೊತ್ತಿಲ್ಲ. ಆ ಫ್ರೆಂಡ್ ಜೊತೆ ಮಾತಾಡಿ ಯಾವ ಕಾಲವಾಯಿತು.

"ನಾನಲ್ಲ ಅಕ್ಕ" ಅಂತ ಬರೆದೆ. ಬರೆದು ನೋಡಿದರೆ ಅದೇ ಸುಳ್ಳು ಹೇಳುವವರು ಬರೆಯೋ ಸಾಲಿನ ಹಾಗಿತ್ತು. ಫೋನಿಗಾದರೆ ಮಚ್ಚೆ ಇದೆ, ಪರದೆ ಮೇಲಿನ ಮಾತಿಗೆ ಏನಿದೆ? ಅಪ್ಪ ಪಕ್ಕದಲ್ಲಿ ಕೂತು ಹೇಳಿಕೊಟ್ಟರೂ "ನಾನಲ್ಲ ಅಕ್ಕ" ಅಂತಲೇ ಇರುತ್ತಿತ್ತು.

ಆದರೂ ಕಳಿಸಿದೆ. ಓದಿದಳು. ಅಷ್ಟೇ.

ಅಕ್ಟೋಬರ್ 1, ಬುಧವಾರ

ಇವತ್ತು ಲ್ಯಾಬ್ ಬಿಟ್ಟ ಮೇಲೆ ಡಬ್ಬಿ ನನ್ನನ್ನು ಏಳಗೊಡಲಿಲ್ಲ. ಸರ್ ಹೊರಗೆ ಯಾರ ಜೊತೆಗೋ ಮಾತಾಡುತ್ತಿದ್ದರು. ಅವಳೇ ಪೋರ್ಟಲ್ ತೆರೆದು, ಪಟ್ಟಿ ನೋಡಿ ಅಕ್ಕನ ನಂಬರ್ ಹಾಕಿ, ಕೀಬೋರ್ಡ್ ನನ್ನ ಕಡೆ ತಳ್ಳಿದಳು. "ಇಲ್ಲಿಗೆ ನನ್ನ ಪಾಪ ಮುಗೀತು. ಉಳಿದದ್ದು ನಿಂದು. ನಾನು ಬಾಗಿಲ ಹತ್ರ ನಿಂತಿರ್ತೀನಿ."

ಟೈಪ್ ಮಾಡಿದೆ. ಆಮೆಯ ಹೆಸರು, ಮನೆ ನಂಬರು. ಪರದೆ ಮೇಲೆ ಸಾಲಾಗಿ ಕಪ್ಪು ಚುಕ್ಕೆ. ಪರೀಕ್ಷೆಗೆ ಕೂತ ಹಾಗೆ, ವರ್ಷ ಉಳಿದ ಹಾಗೆ, ಅಪ್ಪ "ನಾನು ಹೇಳಿರಲಿಲ್ವಾ" ಅಂದ ಹಾಗೆ, ಎಲ್ಲ ಕಣ್ಣ ಮುಂದೆ ಬಂತು. ಎಂಟರ್ ಒತ್ತಿದರೆ ಆಯಿತು.

ಒತ್ತೋಕೆ ಹೋದಾಗ ಒಂದು ವಿಚಿತ್ರ ಯೋಚನೆ. ಈ ಕಂಪ್ಯೂಟರ್ ಯಾರು ನೀನು ಅಂತ ಒಂದು ಮಾತೂ ಕೇಳಲ್ಲವಲ್ಲ. ನನ್ನ ಫೋನಿಗೆ ನಾನು ದಿನಾ ಬೆರಳು ಕೊಡ್ತೀನಿ. ಒದ್ದೆ ಬೆರಳಾದರೆ "ಮತ್ತೊಮ್ಮೆ ಪ್ರಯತ್ನಿಸಿ" ಅನ್ನುತ್ತೆ, ಬೇರೆಯವರ ಬೆರಳಾದರೆ ಬಾಗಿಲೇ ತೆರೆಯಲ್ಲ. ಇದಕ್ಕೆ ಯಾರಾದರೂ ಸರಿ. ಆವತ್ತು ಅಪ್ಪ ಕೂತಾಗ ಮನೆಯದೂ ಹೀಗೇ ಸುಮ್ಮನಿತ್ತು. ಊಟದ ತಟ್ಟೆಗಳ ಮುಂದೆ ಅವರು ಅಕ್ಕನ ಅರ್ಜಿ ಓದಿದಾಗಲೂ ಸುಮ್ಮನಿತ್ತು. ಬೇಡ ಅನ್ನಬೇಕಾದವರು ಕೂತವರೇ. ಆವತ್ತು ಕೂತವರು ಅಪ್ಪ, ಇವತ್ತು ಕೂತಿರೋದು ನಾನು.

ಒಂದೊಂದೇ ಚುಕ್ಕೆ ಅಳಿಸಿದೆ.

"ಮುಗೀತಾ?" ಅಂದಳು ಡಬ್ಬಿ.

"ಮುಗೀತು. ಮಾಡಲ್ಲ."

"ಏನಾಯ್ತು, ಪಾಸ್‌ವರ್ಡ್ ತಪ್ಪಾ?"

"ಸರಿಯಾಗೇ ಇತ್ತು."

ಅವಳು ನನ್ನ ಮುಖ ನೋಡಿದಳು. "ನಿನಗೆ ತಲೆ ಕೆಟ್ಟಿದೆ" ಅಂದಳು. ಆದರೆ ಸಂಜೆ ಕ್ಯಾಂಟೀನಿನಲ್ಲಿ ನನ್ನ ಪಾಲಿನ ಕಾಫಿಯನ್ನೂ ಅವಳೇ ತಂದಳು. ಅಂದಹಾಗೆ ಏಳುವ ಮುಂಚೆ ಆ ಸಾಲಿನ ಉಳಿದ ಕಂಪ್ಯೂಟರುಗಳಲ್ಲಿ ತೆರೆದಿಟ್ಟು ಹೋಗಿದ್ದ ಮೇಲ್‌ಗಳನ್ನೂ ಲಾಗೌಟ್ ಮಾಡಿಬಂದೆ. ಅದು ದಿನದ ಕೆಲಸವಾಗಿಬಿಟ್ಟಿದೆ.

ಅಕ್ಟೋಬರ್ 3, ಶುಕ್ರವಾರ

ಇನ್ನೊಂದೇ ವಾರ. ಅಕ್ಕನಿಂದ ಏನೂ ಇಲ್ಲ. ನಿನ್ನೆ ಅಪ್ಪ ಕೇಳಿದರು, ಒತ್ತಿದೆಯಾ ಅಂತ. ಇಲ್ಲ, ಒತ್ತಲ್ಲ, ಅವಳೇ ಒತ್ತಬೇಕು ಅಂದೆ. ಒತ್ತದಿದ್ದರೆ ಅಂದರು. ಮುಂದಿನ ವರ್ಷ ಬರೀತೀನಿ ಅಂದೆ. ಅಪ್ಪ ಫೋನ್ ಇಟ್ಟುಬಿಟ್ಟರು.

ಕ್ಲಾಸಿನಲ್ಲಿ ಮುಂದಿನ ಬೆಂಚೇ ಖಾಲಿ ಇತ್ತು, ಕೂತೆ. ಬೋರ್ಡು ಚೆನ್ನಾಗಿ ಕಾಣುತ್ತೆ.

ಅಕ್ಟೋಬರ್ 5, ಭಾನುವಾರ

ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದಾಗ ಅಪ್ಪನ ಫೋನು. ಬೈಯೋಕೆ ಅಂದ್ಕೊಂಡು ಎತ್ತಿದೆ.

"ಏನ್ಮಾಡ್ತಿದ್ದೀಯ?"

"ಬಟ್ಟೆ."

"ಹೂಂ." ಆಮೇಲೆ, "ಒಂದು ವಿಷಯ ಕೇಳ್ತೀನಿ. ಈ ಮೇಲ್ ತೆರೆದಿರುತ್ತಲ್ಲ, ಅದನ್ನ ಮುಚ್ಚೋದು ಹೇಗೆ? ಮೇಲಿನ ಗುಣಾಕಾರದ ಗುರುತು ಒತ್ತಿದ್ರೆ ಹೋಗುತ್ತೆ, ಮತ್ತೆ ತೆಗೆದ್ರೆ ಹಾಗೇ ಬರುತ್ತೆ."

"ಯಾರ ಮೇಲ್ ಅಪ್ಪ?"

ಹಿಂದೆ ಹಾಲಿನ ಫ್ಯಾನಿನ ಟಕಟಕ ಕೇಳುತ್ತಿತ್ತು.

"ಅವಳದ್ದು ಈ ಕಂಪ್ಯೂಟರಲ್ಲಿ ಹಾಗೇ ಇದೆ. ಆವತ್ತಿಂದ."

ಒದ್ದೆ ಟವೆಲ್ ಹಿಡಿದುಕೊಂಡೇ ಕೂತೆ. ಒಂದು ವರ್ಷ. ಓನರ್ ನಂಬರು, ಟ್ರೇನಿಂಗ್ ಮುಗಿದದ್ದು, ಎಲ್ಲ.

"ಓದ್ತಿದ್ರಾ?"

"ದಿನಾ ಅಲ್ಲ." ಮತ್ತೆ, "ಮೊದಲು ಸಿಟ್ಟಿಗೆ ಓದಿದೆ. ಆಮೇಲೆ... ಅವಳು ಫೋನ್ ಎತ್ತಲ್ವಲ್ಲ. ಯಾರಿಗೋ ಏನೋ ಬರೆದಿದ್ದು ಕಂಡ್ರೆ, ಸರಿ, ಇದ್ದಾಳೆ ಅಂತ. ನಿಮ್ಮಮ್ಮನಿಗೂ ಅಷ್ಟು ಹೇಳಿದ್ರೆ ಅವಳು ನಿದ್ದೆ ಮಾಡ್ತಿದ್ದಳು."

ಸಿಟ್ಟು ಬರಬೇಕಿತ್ತು, ಬಂತು ಕೂಡ, ಆದರೆ ಅಷ್ಟರಲ್ಲಿ ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಆ ಕುರ್ಚಿಯಲ್ಲಿ ಕೂತ ಅಪ್ಪ ಕಣ್ಣಿಗೆ ಬಂದರು.

"ಈಗ ಯಾಕೆ ಮುಚ್ಚಬೇಕು ಅನ್ಸಿತು?"

"ನೀನು ಒತ್ತಲ್ಲ ಅಂದ್ಯಲ್ಲ. ವರ್ಷ ಹೋದ್ರೂ ಸರಿ ಅಂತ." ಕೆಮ್ಮಿದರು. "ಹೇಗೆ ಮುಚ್ಚೋದು ಹೇಳು."

ಹೇಳಿದೆ. ಬಲಗಡೆ ಮೇಲೆ ಒಂದು ಸಣ್ಣ ದುಂಡಗಿನ ಚಿತ್ರ ಇದೆ, ಅದರ ಮೇಲೆ ಒತ್ತಿ. ಕೆಳಗೊಂದು ಪಟ್ಟಿ ಬರುತ್ತೆ, ಕೊನೆಯ ಸಾಲು. ಅಪ್ಪ ಒಂದೊಂದನ್ನೂ ಬಾಯಲ್ಲಿ ಹೇಳಿಕೊಂಡು ಮಾಡಿದರು. "ಅಕೌಂಟ್ ಇಲ್ಲಿ ನೆನಪಿಟ್ಟುಕೊಳ್ಳಲಾ ಅಂತ ಕೇಳ್ತಿದೆ" ಅಂದರು.

"ಬೇಡ ಅನ್ನಿ."

"ಅಂದೆ." ಸ್ವಲ್ಪ ಬಿಟ್ಟು, "ಮುಚ್ಚಿತು. ಖಾಲಿ ಪೇಜ್ ಬಂತು."

"ಅಪ್ಪ, ಇದನ್ನ ಅಕ್ಕನಿಗೆ ಹೇಳ್ತೀನಿ."

ಫ್ಯಾನು ಟಕಟಕ ಅಂತು.

"ಹೇಳು" ಅಂದರು. "ನಾನು ಹೇಳಿದ್ರೆ ಕೇಳಿಸ್ಕೊಳಲ್ಲ ಅವಳು. ನೀನು ಹೇಳು. ಆ ಊಟದ ದಿನ ಎರಡನೇ ಸಲ ಓದಬಾರದಿತ್ತು ಅಂತಲೂ ಹೇಳು."

ಅಪ್ಪನಿಗೆ ಅದು ನೆನಪಿದೆ ಅಂತ ನಾನು ಅಂದುಕೊಂಡಿರಲೇ ಇಲ್ಲ.

ಅಕ್ಟೋಬರ್ 6, ಸೋಮವಾರ

ಆಫೀಸಿಗೆ ಹೋಗಿ ಮೇಡಮ್‌ನ ಎರಡು ವಿಷಯ ಕೇಳಿದೆ. ಅಕ್ಕ ಒಪ್ಪಿಗೆ ಒತ್ತುವಾಗ ಹೊಸ ಅಡ್ರೆಸ್ ಕೊಡಲೇಬೇಕಾ ಅಂತ. ಬೇಡವಂತೆ, ಆ ಜಾಗ ಖಾಲಿ ಬಿಡಬಹುದು. ಪೋರ್ಟಲ್‌ನ ಪಾಸ್‌ವರ್ಡ್ ಬದಲಾಯಿಸಿದರೆ ಹಳೆಯದು ಅದೇ ಕ್ಷಣಕ್ಕೆ ಸಾಯುತ್ತಾ ಅಂತ. ಹೌದಂತೆ. "ಬರೆದು ಕೊಡ್ತೀರಾ ಮೇಡಮ್, ಅವಳಿಗೆ ಕಳಿಸಬೇಕು" ಅಂದೆ. ಅವರು ಒಮ್ಮೆ ನೋಡಿ, ಬರೆದು, ಸೀಲ್ ಹಾಕಿ ಕೊಟ್ಟರು. ಹಿಂದೆ ಸಾಲಿನಲ್ಲಿ ನಿಂತಿದ್ದ ಒಬ್ಬಳು, ನನ್ನದೂ ಫೋನ್ ಪ್ರಾಬ್ಲಮ್, ಸ್ವಲ್ಪ ನಿಂತ್ಕೋತೀಯಾ ಅಂದಳು. ನಿಂತೆ. ಅವಳ ಫೋನು ಅಣ್ಣನದಂತೆ. ಕ್ಲಾಸಿಗೆ ಹೋಗುವಷ್ಟರಲ್ಲಿ ಲೇಟ್ ಆಯಿತು.

ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಅಕ್ಕನಿಗೆ ಬರೆದೆ. ಈ ಸಲ ಅಳಿಸಲಿಲ್ಲ. ಇಲ್ಲೂ ಹಾಗೇ ಬರೆದಿಡ್ತೀನಿ.

"ಅಕ್ಕ, ಬಾಲ. ನಿನ್ನ ವಿಷಯ ಮನೆಗೆ ಹೇಳುತ್ತಿದ್ದದ್ದು ನಾನಲ್ಲ, ಹಾಲಿನ ಕಂಪ್ಯೂಟರು. ನಿನ್ನ ಮೇಲ್ ಅದರಲ್ಲಿ ಆವತ್ತಿನಿಂದ ತೆರೆದೇ ಇತ್ತು, ಅಪ್ಪ ಓದುತ್ತಿದ್ದರು. ನಿನ್ನೆ ಅವರೇ ಹೇಳಿದರು, ಅವರೇ ಮುಚ್ಚಿದರು, ನಾನು ಫೋನಿನಲ್ಲಿ ಹೇಳಿಕೊಟ್ಟೆ. ಊಟದ ದಿನ ಎರಡನೇ ಸಲ ಓದಬಾರದಿತ್ತು ಅಂದರು. ಇದು ಅವರ ಮಾತು, ನಾನು ಸೇರಿಸಿದ್ದಲ್ಲ. ನಿನಗೆ ಸಿಟ್ಟು ಬಂದರೆ ಬರಲಿ, ನನಗೂ ಬಂತು.

"ನಿನ್ನ ಪೋರ್ಟಲ್ ಪಾಸ್‌ವರ್ಡ್ ಇನ್ನೂ ಆಮೆಯದೇ ಅಂತ ಅಪ್ಪ ಅಂದರು. ಬುಧವಾರ ಲ್ಯಾಬಿನಲ್ಲಿ ಕೂತು ನಾನು ಅದನ್ನು ಪೂರ್ತಿ ಟೈಪ್ ಮಾಡಿದ್ದೆ. ಎಂಟರ್ ಒತ್ತಲಿಲ್ಲ. ಹಾಗಾಗಿ ಈಗ ದಯವಿಟ್ಟು ಮೊದಲು ಎಲ್ಲ ಪಾಸ್‌ವರ್ಡ್ ಬದಲಾಯಿಸು, ಪೋರ್ಟಲ್‌ದೂ ಮೇಲ್‌ದೂ. ನನಗೂ ಹೇಳಬೇಡ. ಮೇಲ್‌ನಲ್ಲಿ 'ಎಲ್ಲ ಡಿವೈಸ್‌ಗಳಿಂದ ಹೊರಗೆ' ಅಂತ ಒಂದು ಬಟನ್ ಇದೆ, ಅದನ್ನೂ ಒತ್ತಿಬಿಡು, ಎಲ್ಲೆಲ್ಲಿ ತೆರೆದಿದೆಯೋ ಮುಚ್ಚಿಹೋಗುತ್ತೆ. ಅದಾದ ಮೇಲೆ, ನಿನಗೆ ಸರಿ ಅನ್ನಿಸಿದರೆ, ನನ್ನ ಫೋನಿನ ಒಪ್ಪಿಗೆ. ಅಡ್ರೆಸ್ ಕೊಡಬೇಕಾಗಿಲ್ಲ, ಆಫೀಸಿನವರು ಬರೆದುಕೊಟ್ಟ ಚೀಟಿಯ ಫೋಟೋ ಕೆಳಗಿದೆ. ಶುಕ್ರವಾರ ಕೊನೆ. ಒತ್ತದಿದ್ದರೂ ನಾನು ನಿನ್ನ ತಂಗಿಯೇ, ಒಂದು ವರ್ಷ ಲೇಟಾಗಿ ಪಾಸಾಗೋ ತಂಗಿ.

"ಇಷ್ಟು ದಿನ ಮನೆಯವರು ನೀನು ಚೆನ್ನಾಗಿದ್ದೀಯ ಅಂತ ಕದ್ದು ತಿಳ್ಕೊಳ್ತಿದ್ದರು. ಇನ್ನು ಆ ಕಿಟಕಿ ಇಲ್ಲ. ನೀನು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಬ್ಬರು ನೀನು ಹೊತ್ತು ಹೊತ್ತಿಗೆ ಉಣ್ತೀಯಾ ಅಂತ ಕೇಳಿದ್ದಾರೆ, ಯಾರು ಅಂತ ಹೇಳಬಾರದಂತೆ. ನಾನು ಕೇಳಬೇಕಾಗಿರೋದು ಬೇರೆ: ನೀನು ಮಾಡಿದ ಕಾಲಿನಲ್ಲಿ ಮೊದಲು ನಡೆದವರು ಯಾರು, ನಡೆದಾಗ ನೀನು ಎಲ್ಲಿ ನಿಂತಿದ್ದೆ?

"ಬೇಗ ಉತ್ತರ ಬರಿ."